ಅವ್ವ ಹೇಳಿದ ಹೆಸರು

ಸಯನ್, ಮುಂಬಯಿ
೧೨ ಆಗಸ್ಟ್ ೧೯೭೩

ಪ್ರೀತಿಯ ಅಪ್ಪನಿಗೆ, ಮಗಳು ಮಲ್ಲಕ್ಕನ ನಮಸ್ಕಾರ.

ನಿಮ್ಮ ಮೊಣಕಾಲು ನೋವು ಹೇಗಿದೆ? ಅಣೆಕಟ್ಟಿನ ಕೆಲಸದಲ್ಲಿ ಮಳೆಗೆ ನೆನೆಯುತ್ತ ನಿಲ್ಲಬೇಡಿ. ನನ್ನ ಊಟಕ್ಕೆ ತೊಂದರೆಯಿಲ್ಲ. ಪಕ್ಕದ ಖೋಲಿಯ ಕಸ್ತೂರಿಬಾಯಿ ರೊಟ್ಟಿ ಕಳಿಸುತ್ತಾರೆ. ಬಿ.ಎ. ಪಾಸಾದವಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ಈಗ ಇಡೀ ಚಾಳಿನವರಿಗೆ ಗೊತ್ತು. ಸಂಜೆ ಅವ್ವನನ್ನು ನೋಡಿಕೊಂಡು ಆಸ್ಪತ್ರೆಯಿಂದ ಬಂದು ಬೀಗ ತೆಗೆದರೆ ಮಾತಾಡಿಸಲು ಯಾರೂ ಇರುವುದಿಲ್ಲ. ರೇಡಿಯೋ ಹಚ್ಚಿ ಸುಮ್ಮನೆ ಕೂರುತ್ತೇನೆ.

ಅವ್ವನ ಕೈಕಾಲು ಗಟ್ಟಿಯಾಗಿವೆ. ಮಾತು ಮಾತ್ರ ನೀವು ಹೋದಾಗ ಇದ್ದಂತೆಯೇ ಇದೆ. ಅದೇ ದನಿ, ಅದೇ ಏರಿಳಿತ, ತಡೆಯೇ ಇಲ್ಲ. ಆದರೆ ಅರ್ಥವಿಲ್ಲ. ಏನಾದರೂ ಕೇಳಿದರೆ, “ಆ ಗಡಿಗಿ ಲೋಕಲ್ ತೊಳದ ಇಡು, ಚಿನಕಿ ಆರತದ” ಎನ್ನುತ್ತಾಳೆ. ನಮಗೆ ತಿಳಿಯಲಿಲ್ಲವೆಂದರೆ ನಮ್ಮ ಮೇಲೇ ಸಿಟ್ಟು. ಕಸ್ತೂರಿಬಾಯಿ ನೋಡಲು ಬಂದು ಅರ್ಧ ತಾಸು ಹ್ಞೂಂಗುಟ್ಟಿ, ಹೊರಗೆ ಬಂದು, “ನನ್ನ ಸೊಸಿ ಮಾತು ತಿಳೀತದ, ಅದಕ್ಕಿಂತ ಇದೇ ಛಲೋ ನೋಡವ್ವ” ಎಂದರು. ನಗು ಬಂತು, ಆಮೇಲೆ ಅಳು.

ಆಸ್ಪತ್ರೆಯ ಪಾರ್ಸಿ ಡಾಕ್ಟರು, ಮಿದುಳಿನ ಬೇನೆಯಿಂದ ಮಾತು ಕೆಟ್ಟ ಇಂಥ ರೋಗಿಗಳ ಮೇಲೆ ಸಂಶೋಧನೆ ನಡೆಸಿದ್ದಾರೆ. ನಿದ್ದೆ ಬರಿಸುವ ಜಾತಿಯ ಒಂದು ಮದ್ದನ್ನು, ಬಾರ್ಬಿಟ್ಯುರೇಟ್ ಎನ್ನುತ್ತಾರೆ, ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು, ಮನಸ್ಸಿನ ಗಾಬರಿ ಇಳಿದಾಗ ಮಾತು ಸುಧಾರಿಸುತ್ತದೆಯೇ ಎಂದು ನೋಡುವುದು. ಡಾಕ್ಟರು ಹೇಳಿದಂತೆ ಮಾಡು ಎಂದು ಹೋಗುವಾಗ ನೀವೇ ಹೇಳಿದ್ದಿರಿ, ಒಪ್ಪಿದೆ. ಅವರಿಗೆ ಕನ್ನಡ ಬಾರದು. ಪ್ರಶ್ನೆ ಕೇಳುವುದೂ ಉತ್ತರವನ್ನು ಹಿಂದಿಯಲ್ಲಿ ತಿಳಿಸುವುದೂ ನನ್ನ ಪಾಲಿಗೆ ಬಂತು.

ಸೂಜಿಗೆ ಮೊದಲು ಒಂದು ಸಲ ಎಲ್ಲ ಕೇಳಬೇಕು. ಬೀಗದ ಕೈ ತೋರಿಸಿದೆ, ಬಾಚಣಿಗೆ ತೋರಿಸಿದೆ. ಅವ್ವ ಏನೇನೋ ಹೇಳಿದಳು. ನಂತರ ಗಂಡನ ಹೆಸರು. ಹೆತ್ತ ತಾಯಿಯನ್ನು ಮಗಳು ಹಾಗೆ ಕೇಳುವುದೇ? ಆದರೂ ಕೇಳಿದೆ. ಅವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಇಷ್ಟು ದಿನಗಳಲ್ಲಿ ಅವಳು ಸುಮ್ಮನಾದದ್ದು ಅದೊಂದೇ ಸಲ. ಪ್ರಶ್ನೆ ತಿಳಿದಿಲ್ಲ ಎಂದು ಡಾಕ್ಟರು ಬರೆದುಕೊಂಡರು. ತಿಳಿದದ್ದಕ್ಕೇ ಸುಮ್ಮನಿದ್ದಾಳೆ, ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂದೆ. ನನ್ನ ದನಿ ತುಸು ಏರಿತ್ತು. ಅವರು ಮೃದುವಾಗಿ ನಕ್ಕು, ಸುಮ್ಮನಿದ್ದದ್ದನ್ನು ಉತ್ತರವೆಂದು ಹೇಗೆ ಬರೆಯಲಿ ಎಂದರು.

ಮದ್ದು ಏರಿದಂತೆ ಅವ್ವನ ಹುಬ್ಬು ಸಡಿಲಾಯಿತು, ಮಾತು ನಿಧಾನವಾಯಿತು. ಬೀಗದ ಕೈಯನ್ನು ಆಗಲೂ ಜೋಳ ಎಂದಳು. ಗಂಡನ ಹೆಸರು ಕೇಳಿದೆ. “ಅಣವೀರಪ್ಪ” ಎಂದಳು. ಸ್ಪಷ್ಟವಾಗಿ, ಸೆರಗು ಮುಟ್ಟದೆ. ಡಾಕ್ಟರು ಹಿಗ್ಗಿ ನನ್ನ ಬೆನ್ನು ತಟ್ಟಿದರು, ಮದ್ದು ಮಾತನ್ನು ಬಿಡಿಸಿತೆಂದು. ನನಗೆ ಹಾಗನ್ನಿಸಲಿಲ್ಲ ಅಪ್ಪ. ಆ ಹೆಸರು ಅವಳಲ್ಲಿ ಇದ್ದೇ ಇತ್ತು. ಮದ್ದು ನಾಚಿಕೆಯನ್ನಷ್ಟೇ ತೆಗೆಯಿತು. ಎಚ್ಚರವಾದ ಮೇಲೆ ಮತ್ತೆ ಗಡಿಗಿ, ಚಿನಕಿ.

“ಇಕಿ ನನ್ನ ಗುರ್ತಾ ಹಿಡಿಯಂಗಿಲ್ಲ, ನಾ ಇಲ್ಲಿ ಕುಂತು ಏನ್ ಮಾಡ್ಲಿ” ಎಂದು ನೀವು ಎದ್ದು ಹೋದಿರಿ. ಅದಕ್ಕೇ ಇಷ್ಟೆಲ್ಲ ಬರೆದೆ. ನಿಮ್ಮನ್ನು ದೂರುವುದಕ್ಕಲ್ಲ.

ಆರೋಗ್ಯ ನೋಡಿಕೊಳ್ಳಿ. ನಿಮ್ಮ ಜೊತೆಯ ಬಂಡೆಪ್ಪ ಕಾಕಾನಿಗೂ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ಮಲ್ಲಕ್ಕ

ತಾ.ಕ.: ಮತ್ತೊಮ್ಮೆ ಸೂಜಿ ಕೊಡಬೇಕಂತೆ, ಅಪ್ಪ ಬಂದು ಹೇಳುವವರೆಗೆ ಬೇಡ ಎಂದಿದ್ದೇನೆ. ನಿಮ್ಮ ಹೆಸರು ಹೇಳಿದ ಮೇಲೆ ಅವ್ವ ಇನ್ನೊಂದು ಮಾತು ಕೇಳಿದಳು. ಅದನ್ನು ಡಾಕ್ಟರಿಗೆ ತಿಳಿಸಲಿಲ್ಲ. “ಅವರು ಉಂಡಾರೇನು?” ಎಂದಳು.