ಮೋಡಕ್ಕಿಂತ ಮೇಲಿನ ಧೂಳು

ತಿಪಟೂರು
೨೨ ಜನವರಿ ೧೯೯೨

ಅಮ್ಮಸಂದ್ರದಲ್ಲಿರುವ ನಾಗಭೂಷಣ ಅವರಿಗೆ, ಕೋಮಲಾಳ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆಯಬಾರದಂತೆ. ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಕ್ಷೇಮ ಅನ್ನುವ ಸಾಲಿಗೂ ಈ ಸಲ ಕೈ ಬರಲಿಲ್ಲ. ನಾನು ಇಲ್ಲಿ ಆಸ್ಪತ್ರೆಯಲ್ಲಿದ್ದೇನೆ. ಮಗಳಿಗೆ ಎದೆಯಲ್ಲಿ ಕಫ ಕಟ್ಟಿ ಮೊನ್ನೆ ಕರೆತಂದದ್ದಾಯಿತು. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು, ಹಾಲು ಕುಡಿಯುವುದನ್ನೂ ಬಿಟ್ಟಿತ್ತು. ಉಳಿಯುತ್ತದೆಯೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಇನ್ನೆರಡು ದಿನ ಕಳೆಯಲಿ ಅಂದರು. ನನಗೆ ಅಳುವುದಕ್ಕೂ ತ್ರಾಣವಿಲ್ಲ ಕಣ್ರೀ. ನಿಮ್ಮ ಕಾರ್ಖಾನೆಯ ಹಾಲಸ್ವಾಮಿಯವರು ಇಲ್ಲಿ ಮಲಗಿರುವ ತಮ್ಮ ತಂಗಿಯನ್ನು ನೋಡಲು ಬಂದಿದ್ದಾರೆ, ಅವರ ಕೈಯಲ್ಲೇ ಈ ಕಾಗದ ಕೊಟ್ಟು ಕಳಿಸುತ್ತೇನೆ.

ದೀಪಾವಳಿಗೆ ಬಂದಾಗ ನೀವು ಹೇಳಿದ್ದು ನೆನಪಿದೆಯೇ? ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ಪಡುವಣದಲ್ಲಿ ಕುಂಕುಮ ಚೆಲ್ಲಿದಂತಿತ್ತು. ತುಂಬಿದ ಬಸುರಿ ನಾನು, ಹೆದರಿದ್ದೆ. ನೀವು ನಕ್ಕು, ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಿರಿ. ಫಿಲಿಪೈನ್ಸ್ ಅಂತ ಒಂದು ದೇಶ, ಅಲ್ಲಿ ಬೆಟ್ಟ ಸಿಡಿದು ಬೂದಿಯೂ ಹೊಗೆಯೂ ಆಕಾಶಕ್ಕೆ ಏರಿವೆ. ದಪ್ಪ ಬೂದಿ ಬೇಗ ಕೆಳಗೆ ಬಿತ್ತು, ಗಂಧಕದ ಹೊಗೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಮೇಲೇ ನಿಂತು ಭೂಮಿಯನ್ನು ಸುತ್ತುತ್ತಿದೆ. ಕುವೈತಿನ ಎಣ್ಣೆ ಬಾವಿಗಳ ಹೊಗೆ ಎಷ್ಟು ಕಪ್ಪಗಿದ್ದರೂ ಅಷ್ಟು ಮೇಲಕ್ಕೆ ಹೋಗಲಿಲ್ಲ, ಮಳೆಗೆ ತೊಳೆದುಹೋಯಿತು ಅಂದಿರಿ. ಇದು ಮೋಡಕ್ಕಿಂತ ಮೇಲಿದೆಯಲ್ಲ, ತೊಳೆಯುವವರು ಯಾರು ಎಂದು ನಾನು ಕೇಳಿದೆ. ಯಾರೂ ಇಲ್ಲ, ತಾನಾಗಿ ಇಳಿಯಬೇಕು, ಎರಡು ವರ್ಷವಾದರೂ ಹಿಡಿಯುತ್ತದೆ, ಅಲ್ಲಿಯವರೆಗೆ ಬಿಸಿಲು ಒಂಚೂರು ಕಡಿಮೆ, ಚಳಿ ಒಂಚೂರು ಜಾಸ್ತಿ ಅಂದಿರಿ. ದಿನವಿಡೀ ಸಿಮೆಂಟಿನ ನಡುವೆ ಇರುವವರು, ಧೂಳಿನ ವಿಷಯ ನಿಮಗಲ್ಲದೆ ಇನ್ನಾರಿಗೆ ಗೊತ್ತು ಎಂದು ನನಗೆ ಹೆಮ್ಮೆಯಾಗಿತ್ತು.

ನಮ್ಮ ಹಟ್ಟಿಯ ಬಾಣಂತಿ ಕಟ್ಟಳೆ ನನಗೆ ಹೊಸದಲ್ಲ. ಹೆತ್ತವಳು ಕೂಸಿನ ಜೊತೆ ಹಟ್ಟಿಯಿಂದಾಚೆ ತೆಂಗಿನ ಗರಿಯ ಗುಡಿಸಲಲ್ಲಿರಬೇಕು. ನಮ್ಮಮ್ಮ ಬದುಕಿದ್ದಾಗ ತನ್ನ ಹೆರಿಗೆಗಳಲ್ಲಿ ಅವಳೂ ಹಾಗೇ ಇದ್ದಳು. ಹಿಂದೆ ತಿಂಗಳುಗಟ್ಟಲೆ ಇದ್ದದ್ದು ಈಚೆಗೆ ಮೂರು ವಾರಕ್ಕೆ ಇಳಿದಿತ್ತು. ಮೂರು ವಾರ ತಾನೇ ಎಂದು ನಾನೂ ಗೊಣಗದೆ ಹೋದೆ. ಅತ್ತೆ ದೂರದಲ್ಲಿ ಮುದ್ದೆ ಇಟ್ಟು, ನಾನು ಎತ್ತಿಕೊಂಡ ಮೇಲೆ ಹೋಗುತ್ತಿದ್ದರು. ಮೊಮ್ಮಗಳ ಮುಖವನ್ನೂ ಹತ್ತಿರದಿಂದ ನೋಡಲಿಲ್ಲ. ಅವರ ಮಡಿ ನಿಮಗೇ ಗೊತ್ತಲ್ಲ.

ಒಳಗೆ ಕರೆಯುವ ದಿನ ನೀವೂ ರಜೆ ಹಾಕಿ ಬಂದಿರಿ. ಸಂಜೆ ಹಿರಿಯರೆಲ್ಲ ಹಟ್ಟಿಯಂಚಿನ ಗುಡಿ ಮುಂದೆ ಸೇರಿದರು. ಆಕಾಶ ಹೀಗೆ ಉರಿಯುತ್ತಿರುವಾಗ ಸೂತಕ ಒಳಗೆ ಬಂದರೆ ದೇವರು ಸುಮ್ಮನಿರುವುದಿಲ್ಲ ಎಂದು ಯಾರೋ ಎತ್ತಿದರು, ಉಳಿದವರು ಹೂಂ ಅಂದರು. ಯಜಮಾನಿಕೆ ಮಾವನವರದಲ್ಲವೇ, ಅವರೇ ತೀರ್ಮಾನ ಹೇಳಬೇಕಿತ್ತು. ಕೆಂಪು ಇಳಿಯುವವರೆಗೆ ಬಾಣಂತಿ ಹೊರಗೇ ಇರಲಿ ಅಂದರು. ಅಂದ ಮೇಲೂ ಅವರಿಗೆ ಅನುಮಾನ. ನಿಮ್ಮ ಕಡೆ ತಿರುಗಿ ಕೇಳಿದರು, "ಪೇಪರ್ ಓದೋನು ನೀನು. ಇದೇನ್ಲಾ ಈ ಕೆಂಪು, ಯಾವಾಗ ಇಳೀತದೆ?"

ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಗುಡಿಸಲ ಬಾಗಿಲಲ್ಲಿ ಕಿವಿಗೊಟ್ಟು ಕೂತಿದ್ದೆ. ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ ಅಂದುಕೊಂಡೆ. ನೀವು ನೆಲ ನೋಡುತ್ತ ಅಂದಿರಿ, "ನಂಗೇನ್ ಗೊತ್ತಪ್ಪ. ದೊಡ್ಡೋರು ಹೇಳ್ದಂಗೇ ಆಗ್ಲಿ."

ಮಾರನೇ ಬೆಳಿಗ್ಗೆ ಬಸ್ಸು ಹತ್ತಿದಿರಿ. ಆ ಕೆಂಪು ಇಳಿಯಲು ಎರಡು ವರ್ಷ ಬೇಕೆಂದು ಇಡೀ ಹಟ್ಟಿಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನೀವು ಹೋದ ಮೇಲೆ ನಾನೇ ಬಾಯಿಬಿಟ್ಟು ಬೆಟ್ಟದ ವಿಷಯ ಹೇಳಿದೆ. ಬಾಣಂತಿ ಸನ್ನಿ ಹಿಡಿದಿದೆ, ಬೇವಿನ ಸೊಪ್ಪಿನ ಹೊಗೆ ಹಾಕಿ ಅಂದರು. ನಿಮಗೊಂದು ಕಾರ್ಡು ಬರೆದೆ, ಜವಾಬು ಬರಲಿಲ್ಲ.

ಈ ಚಳಿ ಆ ಬೆಟ್ಟದಿಂದ ಬಂದದ್ದೋ, ಪುಷ್ಯ ಮಾಸದಲ್ಲಿ ಯಾವಾಗಲೂ ಇರುವುದೋ, ನಾನು ಹೇಗೆ ಹೇಳಲಿ? ಗರಿಯ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ತೆಂಗಿನ ಮಟ್ಟೆ ಉರಿಸಿದರೆ ಹೊಗೆಗೆ ಕೂಸು ಕೆಮ್ಮುತ್ತಿತ್ತು, ಆರಿಸಿದರೆ ನಡುಗುತ್ತಿತ್ತು. ಉರಿಸುವುದು, ಆರಿಸುವುದು, ಇದೇ ಕೆಲಸವಾಯಿತು. ಸಂಕ್ರಾಂತಿಯ ಎಳ್ಳು ಬೆಲ್ಲವೂ ದೂರದಿಂದಲೇ ಬಂತು. ಮೊನ್ನೆ ಬೆಳಿಗ್ಗೆ ಕೂಸಿನ ತುಟಿ ನೀಲಿಗಟ್ಟಿತು. ಹುಳಿಯಾರಿನವರೆಗೆ ನಡೆದು ಅಲ್ಲಿಂದ ಬಸ್ಸು ಹತ್ತಿದ್ದಾಯಿತು. ಹೇಗೆ ಬಂದೆ, ಯಾರು ನೆರವಾದರು ಎಂದು ಈಗ ಕೇಳಬೇಡಿ.

ನಿಮ್ಮ ಮೇಲೆ ಸಿಟ್ಟಿದೆ. ಮಾವನವರ ಮೇಲೆ ಅಷ್ಟಿಲ್ಲ. ಅವರು ನಂಬಿದ್ದನ್ನು ಹೇಳಿದರು, ತಿಳಿಯದ್ದನ್ನು ಕೇಳಿದರು. ನೀವು ಅಪ್ಪನ ಎದುರು ಜಗಳ ಆಡಬೇಕೆಂದು ನಾನು ಕೇಳುತ್ತಿಲ್ಲ, ನನ್ನ ಹತ್ತಿರ ಹೇಳಿದ್ದನ್ನೇ ಅವರ ಹತ್ತಿರವೂ ಹೇಳಿ ಅಂತ ಅಷ್ಟೆ. ನಿಮ್ಮ ತಮ್ಮ ಈರೇಶನ ಹೆಂಡತಿ ವನಿತಾಗೆ ಮಾಘದಲ್ಲಿ ಹೆರಿಗೆ. ಅವಳಿಗೂ ಅದೇ ಗುಡಿಸಲು, ಆಗಲೂ ಸಂಜೆ ಕೆಂಪಗೇ ಇರುತ್ತದೆ.

ಮಗಳು ಉಳಿದರೆ ಅವಳನ್ನು ಎತ್ತಿಕೊಂಡು ನಾನು ಮತ್ತೆ ಅಲ್ಲಿಗೆ ಹೋಗುವುದಿಲ್ಲ. ಹಟ್ಟಿಗೆ ಹೋಗಿ ಬಾಯಿ ಬಿಡುತ್ತೀರೋ, ಅಮ್ಮಸಂದ್ರದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತೀರೋ, ಯೋಚನೆ ಮಾಡಿ. ಎರಡೂ ಆಗದಿದ್ದರೆ ಸುಮ್ಮನೆ ಮುಖ ತೋರಿಸಲು ಆಸ್ಪತ್ರೆಗೆ ಬರಬೇಡಿ. ನನಗೆ ಸಾಕಾಗಿದೆ.

ಇನ್ನೂ ನಿಮ್ಮವಳೇ ಆಗಿರುವ,
ಕೋಮಲಾ

ತಾ.ಕ.: ಇದನ್ನು ಬರೆಯಬೇಡ ಅಂದಿದ್ದಾರೆ, ಆದರೂ ಬರೆಯುತ್ತೇನೆ. ಮೊನ್ನೆ ಗುಡಿಸಲೊಳಗೆ ನುಗ್ಗಿ ನನ್ನ ತೊಡೆಯ ಮೇಲಿಂದ ಕೂಸನ್ನು ಎತ್ತಿಕೊಂಡು ನಡೆದವರು ನಿಮ್ಮಮ್ಮ. ಮಾವನವರು ಜಗುಲಿಯಿಂದ ಕೂಗಿದರೂ ತಿರುಗಿ ನೋಡಲಿಲ್ಲ. ಈಗಲೂ ಇಲ್ಲೇ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಾರೆ. ಬೆಟ್ಟ ಸಿಡಿದದ್ದನ್ನು ಅವರಿಗೂ ಬಿಡಿಸಿ ಹೇಳಿದೆ, ಒಂದಕ್ಷರ ನಂಬಲಿಲ್ಲ. ಅದು ದೇವರ ಕೋಪವೇ ಅಂತೆ, ಬಾಣಂತಿಯನ್ನೂ ಕೂಸನ್ನೂ ಮುಟ್ಟಿದ್ದಕ್ಕೆ ಇನ್ನೂ ಹೆಚ್ಚುತ್ತದಂತೆ. ಹಾಗಾದರೆ ಯಾಕೆ ಮುಟ್ಟಿದಿರಿ ಅತ್ತೆ ಎಂದು ಕೇಳಿದೆ. "ಬಂದ್ರೆ ನನ್ ಮ್ಯಾಲೆ ಬರ್ಲಿ ಬುಡವ್ವ" ಅಂದರು.