ಶಾಹೀನಳ ಸೊನ್ನೆ

ಫೆಬ್ರವರಿ 30, 2231

ಇಂಗ್ಲಿಷ್ ಮಾಸ್ತರರಾದ ಫಕೀರೇಶ ಹೊಸಮನಿಯವರಿಗೆ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ನಿಮ್ಮ ಕಿವಿಗೆ ಸೊಟ್ಟಗೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೂರು ವರ್ಷದಲ್ಲಿ ಮಾತೂ ಸವೆದಿದೆ. ನಾನು ಹುಲಿಗೆವ್ವ, ನೀವು ಪಾಠ ಹೇಳುವ ಊರಿನಲ್ಲೇ ಭಾಷೆ ಕಲಿಸುವ ಅಕ್ಕೋರು. ಇಂಗ್ಲಿಷನ್ನು ಈಗ ಇಲ್ಲಿ ಯಾರೂ ಆಡುವುದಿಲ್ಲ, ಹಳೆಯ ಕಾಗದ ಓದಲೆಂದು ನಾಲ್ಕೈದು ಜನ ಕಲಿತಿದ್ದೇವೆ. ಇವತ್ತು ಬೆಳಿಗ್ಗೆ ಶಾಲೆಯ ಹಳೆಯ ಗೋಡೆ ಕೆಡವುವಾಗ ಒಂದು ಕಬ್ಬಿಣದ ಟ್ರಂಕು ಸಿಕ್ಕಿತು. ಒಳಗೆ ನಿಮ್ಮ ಹತ್ತನೇ ತರಗತಿಯ ನಲವತ್ತೊಂದು ಉತ್ತರಪತ್ರಿಕೆಗಳು. ಅಲ್ಲೇ ಕೂತು ಎಲ್ಲವನ್ನೂ ಓದಿದೆ.

ಪಾಠದಲ್ಲಿ ಒಬ್ಬ ಜಮೀನ್ದಾರ ಊರವರ ಮುಂದೆ ಭಾಷಣ ಮಾಡಿ ಅವರ ಗೋಮಾಳವನ್ನು ಕೇಳಿ ಪಡೆಯುತ್ತಾನೆ. ಜನರ ಮನಸ್ಸನ್ನು ಅವನು ಗೆದ್ದದ್ದು ಹೇಗೆ ಎಂಬುದು ನಾಲ್ಕು ಅಂಕದ ಪ್ರಶ್ನೆ. ನಲವತ್ತು ಮಕ್ಕಳು ‘ತನ್ನ ಸರಳ, ಮಧುರ ಮಾತುಗಳಿಂದ’ ಎಂದು ಒಂದೇ ಅಚ್ಚಿನಲ್ಲಿ ಬರೆದಿದ್ದಾರೆ, ನಾಲ್ಕಕ್ಕೆ ನಾಲ್ಕು. ಅಲ್ಲ ಮಾಸ್ತರೇ, ಪ್ರಶ್ನೆ ಕೊಟ್ಟ ನೀವೇ ಉತ್ತರವನ್ನೂ ಬೋರ್ಡಿನ ಮೇಲೆ ಬರೆದುಕೊಟ್ಟಿರಾ? ಶಾಹೀನ್ ನದಾಫ್ ಎಂಬ ಹುಡುಗಿ ಒಬ್ಬಳೇ ಬೇರೆ ಬರೆದಿದ್ದಾಳೆ. ತೀರಿಹೋದ ತನ್ನ ತಾಯಿಯ ಕಥೆಯನ್ನು ಜಮೀನ್ದಾರ ಮೊದಲು ಹೇಳಿದ, ಜನ ಅತ್ತರು, ಗೋಮಾಳವನ್ನು ಆಮೇಲೆ ಕೇಳಿದ. ಮೊದಲೇ ಕೇಳಿದ್ದರೆ ಜನ ‘ಯಾಕೆ’ ಅನ್ನುತ್ತಿದ್ದರು, ಎಂದು. ಅದರ ಮೇಲೆ ನಿಮ್ಮ ಕೆಂಪು ಗೀಟು, ಒಂದು ದುಂಡನೆಯ ಸೊನ್ನೆ, ‘ಗೈಡಿನಲ್ಲಿ ಇದ್ದದ್ದನ್ನು ಬರೆ’ ಎಂಬ ಷರಾ.

ನಮ್ಮಲ್ಲಿ ಸಹಿ ಇಲ್ಲ, ಹೆಬ್ಬೆಟ್ಟೂ ಇಲ್ಲ. ಊರಿನ ಒಪ್ಪಿಗೆ ಬೇಕಾದಾಗ ಎಲ್ಲರೂ ಚಾವಡಿಯಲ್ಲಿ ಕೂತು ಕರಗುನುಡಿ ಕೇಳುತ್ತೇವೆ. ಅದು ಯಂತ್ರ ಕಟ್ಟಿದ ಭಾಷಣ. ಕೇಳುತ್ತಾ ಬಂದ ಕಣ್ಣೀರನ್ನು ಉಗುರಿನಷ್ಟು ಅಗಲದ ಗಾಜಿನ ಬಿಲ್ಲೆಯ ಮೇಲೆ ಹಿಡಿಯುತ್ತೇವೆ. ಅದಕ್ಕೆ ಹನಿಯೊಪ್ಪಿಗೆ ಎಂದು ಹೆಸರು. ಮನಸಾರೆ ಒಪ್ಪದೆ ಕಣ್ಣೀರು ಬರುವುದಿಲ್ಲ ಎಂದು ಹಿರಿಯರ ನಂಬಿಕೆ. ಮನೆಯಲ್ಲಿ ಆ ಬಿಲ್ಲೆಗೆ ದೇವರ ಗೂಡಿನಲ್ಲಿ, ವಿಭೂತಿಯ ಪಕ್ಕ ಜಾಗ. ಮೊನ್ನೆಯ ಕರಗುನುಡಿ ದೂರದ ಉಪ್ಪಿನ ಬಯಲಿನಲ್ಲಿ ಬಾಯಾರಿ ಸತ್ತ ಕೂಸುಗಳ ಬಗ್ಗೆ ಇತ್ತು. ಊರಿಗೆ ಊರೇ ಬಿಕ್ಕಿತು. ‘ಹನ್ನೆರಡು ತುಂಬಿದ ನಿಮ್ಮ ಮಕ್ಕಳನ್ನು ಐದು ವರ್ಷ ಅಲ್ಲಿ ದುಡಿಯಲು ಕಳಿಸಿ’ ಎಂದು ಕರಗುನುಡಿ ಕೊನೆಗೆ ಮೆಲ್ಲಗೆ ಕೇಳಿತು. ಅಷ್ಟರಲ್ಲಿ ಬಿಲ್ಲೆಗಳು ಒದ್ದೆಯಾಗಿದ್ದವು, ನನ್ನದೂ. ಇನ್ನೊಂದು ಸಲ ಹನಿ ಬಿದ್ದರೆ ಒಪ್ಪಿಗೆ ಗಟ್ಟಿ. ಆ ಎರಡನೇ ಹನಿ ನಾಳೆ.

ಶಾಹೀನಳ ಉತ್ತರವನ್ನು ಎರಡೆರಡು ಸಲ ಓದಿದೆ. ಅಯ್ಯೋ ಶಿವನೇ, ನಾನು ಕೊಟ್ಟೆ ಅಂದುಕೊಂಡ ಒಪ್ಪಿಗೆ ನಾನು ಕೊಟ್ಟದ್ದೇ ಅಲ್ಲ! ನಿಮ್ಮನ್ನು ಬಾಯಿಗೆ ಬಂದಂತೆ ಬೈಯಬೇಕೆಂದೇ ಈ ಪತ್ರಕ್ಕೆ ಕೂತೆ. ಅರ್ಧ ಬರೆದಾಗ ಗುರವ್ವ ನೆನಪಾದಳು. ನನ್ನ ತರಗತಿಯ ಹುಡುಗಿ, ಈಗಷ್ಟೇ ಹನ್ನೆರಡು ತುಂಬಿದೆ, ಹೋಗುವವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ನಿನ್ನೆ ಎದ್ದು ನಿಂತು, “ಅಕ್ಕೋರೆ, ಅಳಸೂದು ಮೊದಲ ಯಾಕ್ರೀ, ನಮ್ಮನ್ನ ಕೇಳೂದು ಆಮ್ಯಾಲೆ ಯಾಕ್ರೀ?” ಎಂದಳು. “ಕೂಸುಗಳು ಸತ್ತಾವ, ಕರುಳಿಲ್ಲೇನ ನಿನಗ?” ಎಂದು ಅವಳನ್ನು ಹೊರಗೆ ನಿಲ್ಲಿಸಿದೆ. ಅವಳ ಹೆಸರಿನ ಮುಂದೆ ಸೊನ್ನೆಯನ್ನೂ ಹಾಕಿದೆ. ನಾಚಿಕೆಯಾಗುತ್ತಿದೆ ಮಾಸ್ತರೇ.

ನಾಳೆ ಕರಗುನುಡಿ ಶುರುವಾಗುವ ಮೊದಲು ಗುರವ್ವನನ್ನು ಚಾವಡಿಯಲ್ಲಿ ಎಬ್ಬಿಸಿ ನಿಲ್ಲಿಸಿ ಅದೇ ಪ್ರಶ್ನೆ ಕೇಳಿಸುತ್ತೇನೆ. ಬೆನ್ನಿಗೇ ಶಾಹೀನಳ ಉತ್ತರ ಓದುತ್ತೇನೆ. ಆದರೆ ನಮ್ಮ ಜನ ಹಳೆಯ ಕಾಗದವನ್ನು ಕಣ್ಣಿಗೊತ್ತಿಕೊಳ್ಳುವವರು. ಅದರ ಮೇಲಿನ ಸೊನ್ನೆಯನ್ನೂ ಅಷ್ಟೇ ನಂಬುತ್ತಾರೆ. ಮಾಸ್ತರರೇ ತಪ್ಪೆಂದದ್ದನ್ನು ನೀನು ಯಾಕೆ ಓದುತ್ತೀ ಎಂದರೆ ನಾನೇನು ಹೇಳಲಿ? ಪತ್ರಿಕೆಗಳು ಟ್ರಂಕಿಗೆ ಹೋಗುವ ಮೊದಲು ಈ ಪತ್ರ ಹೇಗಾದರೂ ನಿಮ್ಮ ಕೈ ಸೇರಿದರೆ, ಶಾಹೀನಳನ್ನು ಕರೆಯಿರಿ. ಕೆಂಪು ಪೆನ್ನು ತೆಗೆದು ನಾಲ್ಕು ಅಂಕ ಕೊಡಿ. ಅಲ್ಲಿ ನೀವು ತಿದ್ದಿದರೆ ಇಲ್ಲಿಯೂ ತಿದ್ದೀತು.

ಶಾಹೀನಳ ಕಾಗದ ನನ್ನ ತೊಡೆಯ ಮೇಲಿದೆ. ಸೊನ್ನೆ ಇನ್ನೂ ಹಾಗೇ ಇದೆ. ಕಣ್ಣು ಕೀಳದೆ ನೋಡುತ್ತಿದ್ದೇನೆ.

ನಿಮ್ಮೂರಿನ
ಹುಲಿಗೆವ್ವ