ಬಾಗಿಲ ಪಕ್ಕದ ಎಣ್ಣೆ ಕಲೆ

ತಮ್ಮಾ ಗಂಗಾ,

ಸುಣ್ಣ ಸಾಲಲ್ಲ, ತರೋಕೆ ಹೊಸಕೋಟೆಗೆ ಹೊರಟಿದ್ದೀನಿ. ಮುದ್ದೆ ಮಾಡಿ ಮುಚ್ಚಿಟ್ಟಿದ್ದೀನಿ. ಗಂಟುಗಂಟಾಗಿದೆ ಅಂತ ಮೂಗು ಮುರೀಬೇಡ, ನಿಮ್ಮತ್ತಿಗೆ ತೀರಿಕೊಂಡ ಮೇಲೆ ಈ ಮನೇಲಿ ಇಷ್ಟೇ ಅಡಿಗೆ.

ಬಿರುಕು ಬಿಟ್ಟಿರೋ ಗೋಡೆ ಇವತ್ತು ನಿನ್ನ ಪಾಲಿಗೆ. ಸಿಮೆಂಟೆಲ್ಲ ಮಿಲಿಟರಿಗೇ ಹೋಗ್ತಿದೆ, ಯುದ್ಧ ಮುಗಿಯೋವರೆಗೂ ಅದರ ಆಸೆ ಬಿಡು, ಸುಣ್ಣದ ಗಾರೆನೇ ಗತಿ. ಸಡಿಲವಾಗಿರೋದನ್ನೆಲ್ಲ ಕೆರೆದು, ಬಿರುಕಿಗೆ ಚೆನ್ನಾಗಿ ನೀರು ಕುಡಿಸಿ, ಆಮೇಲೆ ಗಾರೆ ಒತ್ತು. ಹೋದ ಸಲ ಒಣಗೋಡೆಗೇ ಮೆತ್ತಿ, ಹದಿನೈದು ದಿನಕ್ಕೆಲ್ಲ ಉದುರಿಸಿಕೊಂಡೆಯಲ್ಲ! ಚೊಂಬಿನಲ್ಲಿರೋ ಬೆಲ್ಲದ ನೀರು ಗಾರೆಗೆ ಕಣೋ, ನಿನ್ನ ಬಾಯಿಗಲ್ಲ.

ಬಾಗಿಲ ಪಕ್ಕದ ಎಣ್ಣೆ ಕಲೆ ಮಾತ್ರ ಮುಟ್ಟಬೇಡ. ಜಿಡ್ಡಿನ ಮೇಲೆ ಗಾರೆ ನಿಲ್ಲಲ್ಲ, ಕೆತ್ತಿ ತೆಗೀಬೇಕು ಅಂತೀಯ. ನನಗೂ ಗೊತ್ತು. ಬಿರುಕು ಅದರ ನಡುವೆಯೇ ಹೋಗಿದ್ರೂ ಇರಲಿ, ಬಿಡು. ನಾನು ಬರೋವರೆಗೂ ಉಣ್ಣದೆ ನಿಮ್ಮತ್ತಿಗೆ ದಿನಾ ಅಲ್ಲೇ ತಲೆ ಆನಿಸಿಕೊಂಡು ಕೂತಿರ್ತಿದ್ದಳು. ತಲೆ ಎಣ್ಣೆಯಿಂದ ಗೋಡೆ ಹಾಳು ಮಾಡ್ತೀಯ ಅಂತ ನಾನು ಬಂದ ತಕ್ಷಣ ಬೈತಿದ್ದೆ. ಹಸಿವಾಗಲಿಲ್ಲವಾ ಅಂತ ಒಂದಿನವೂ ಕೇಳಲಿಲ್ಲ.

ನೀನು ನನಗೆ ಕಾಯಬೇಡ, ಉಂಡುಬಿಡು.

ಅಣ್ಣ